ನಿಂಬೆ-ಸೋಡಾ ಹಚ್ಚಿದರೆ ಹಲ್ಲು ಬೆಳ್ಳಗಾಗುತ್ತದೆಯೇ? ಹಲ್ಲು ಬಿಳುಪು ಚಿಕಿತ್ಸೆ ಎಷ್ಟು ಸುರಕ್ಷಿತ?

ಅರ್ಧ ನಿಂಬೆಹಣ್ಣು, ಒಂದು ಚಮಚ ಅಡುಗೆ ಸೋಡಾ, ಎರಡೇ ನಿಮಿಷ. ಹಳದಿ ಹಲ್ಲು ಮುತ್ತಿನಂತೆ ಹೊಳೆಯುತ್ತದೆ, ಡಾಕ್ಟರ್ ಹತ್ತಿರ ಹೋಗಿ ದುಡ್ಡು ಸುರಿಯಬೇಡಿ, ಹತ್ತು ಜನರಿಗೆ ಕಳುಹಿಸಿ. ಇಂಥದ್ದೊಂದು ವಿಡಿಯೊ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದಕ್ಕೆ ತದ್ವಿರುದ್ಧವಾದ ಸಂದೇಶವೂ ಓಡಾಡುತ್ತಿರುತ್ತದೆ: ದಂತವೈದ್ಯರ ಬಳಿ ಹಲ್ಲು ಬಿಳುಪು ಮಾಡಿಸಿಕೊಂಡರೆ ಹಲ್ಲು ಸವೆದು ಅಲುಗಾಡುತ್ತದೆ, ಹುಷಾರ್!

ಮೊದಲನೆಯದನ್ನು ನಂಬಿದವರು ಹಲ್ಲು ಕೆಡಿಸಿಕೊಳ್ಳುತ್ತಾರೆ. ಎರಡನೆಯದನ್ನು ನಂಬಿದವರು ದಂತವೈದ್ಯರ ಬಳಿ ಹೋಗಲೇ ಹೆದರುತ್ತಾರೆ. ಎರಡರಲ್ಲೂ ಎಷ್ಟು ನಿಜವಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ನಿಂಬೆರಸ, ಇದ್ದಿಲು, ಉಪ್ಪು ಹಾಕಿ ಉಜ್ಜಿದರೆ ಹಲ್ಲಿನ ಒಳಗಿನ ಬಣ್ಣ ಬದಲಾಗುವುದಿಲ್ಲ. ಹಲ್ಲಿನ ಹೊರಕವಚ ಸವೆಯುತ್ತದೆ. ಸವೆದ ಕವಚ ಮತ್ತೆ ಬೆಳೆಯುವುದಿಲ್ಲ.
- ದಂತವೈದ್ಯರು ಬಳಸುವ ಪೆರಾಕ್ಸೈಡ್ ಜೆಲ್ ನಿಜವಾಗಿಯೂ ಕೆಲಸ ಮಾಡುತ್ತದೆ. ಸರಿಯಾಗಿ ಬಳಸಿದರೆ ಅಡ್ಡಪರಿಣಾಮಗಳು ಸಾಮಾನ್ಯವಾಗಿ ತಾತ್ಕಾಲಿಕ.
- ಆದರೆ ಅದು ಎಲ್ಲ ಬಗೆಯ ಕಲೆಗೂ ಮದ್ದಲ್ಲ, ಶಾಶ್ವತವೂ ಅಲ್ಲ.
- ಆದ್ದರಿಂದ ಮೊದಲು ತಿಳಿಯಬೇಕಾದದ್ದು ನಮ್ಮ ಹಲ್ಲಿನ ಕಲೆ ಎಲ್ಲಿದೆ, ಯಾಕೆ ಬಂದಿದೆ ಎಂಬುದನ್ನು.

ಹಲ್ಲಿನ ಸಹಜ ಬಣ್ಣ ಯಾವುದು?

ಹಲ್ಲು ಎಂದರೆ ಬಿಳಿ ಎಂದುಕೊಂಡಿದ್ದೇವೆ. ಆದರೆ ಆರೋಗ್ಯವಂತರ ಹಲ್ಲು ಕಾಗದದಷ್ಟು ಬೆಳ್ಳಗಿರುವುದಿಲ್ಲ. ಹಲ್ಲಿನ ಹೊರಗೆ ಎನಾಮಲ್ ಎಂಬ ಗಟ್ಟಿ ಕವಚವಿದೆ. ಅದು ಮಸುಕು ಗಾಜಿನಂತೆ ಅರೆಪಾರದರ್ಶಕ. ಅದರ ಕೆಳಗಿರುವ ಡೆಂಟಿನ್ ಎಂಬ ಪದರದ ಬಣ್ಣವೇ ತಿಳಿ ಹಳದಿ. ಗಾಜಿನ ಹಿಂದೆ ಹಳದಿ ಪರದೆ ಕಟ್ಟಿದರೆ ಹೇಗೆ ಕಾಣುತ್ತದೋ ಹಾಗೆ, ಒಳಗಿನ ಹಳದಿ ಹೊರಗೆ ಕಾಣುತ್ತದೆ.

ವಯಸ್ಸಾಗುತ್ತಾ ಎನಾಮಲ್ ತೆಳುವಾಗುತ್ತದೆ, ಡೆಂಟಿನ್ ದಪ್ಪವಾಗುತ್ತದೆ. ಅಜ್ಜ-ಅಜ್ಜಿಯರ ಹಲ್ಲು ಮೊಮ್ಮಕ್ಕಳ ಹಲ್ಲಿಗಿಂತ ಹಳದಿಯಾಗಿ ಕಾಣಲು ಇದೂ ಒಂದು ಕಾರಣ. ತಿಳಿ ಹಳದಿ ಬಣ್ಣ ರೋಗವಲ್ಲ, ಕೊಳಕೂ ಅಲ್ಲ. ಬೆಳ್ಳಗಿರುವ ಹಲ್ಲು ಹುಳುಕಾಗಿರಬಹುದು, ಹಳದಿ ಹಲ್ಲು ಗಟ್ಟಿಮುಟ್ಟಾಗಿರಬಹುದು. ಸಿನಿಮಾ ಮತ್ತು ಜಾಹೀರಾತುಗಳಲ್ಲಿ ಕಾಣುವ ಹಲ್ಲುಗಳ ಹಿಂದೆ ಹಲವು ಬಾರಿ ವಿನೀರ್, ಕ್ಯಾಪ್ ಅಥವಾ ಫೋಟೊ ತಿದ್ದುವ ಸಾಫ್ಟ್‌ವೇರ್ ಇರುತ್ತದೆ.

ಇನ್ನೊಂದು ಮುಖ್ಯ ಸಂಗತಿ: ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಅದನ್ನು ತಯಾರಿಸುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ಇಲ್ಲವಾಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗಾಯವಾದ ಚರ್ಮ ಮತ್ತೆ ಬೆಳೆಯುತ್ತದೆ, ಸವೆದುಹೋದ ಎನಾಮಲ್ ಮಾತ್ರ ಮರಳುವುದಿಲ್ಲ. ಮುಂದೆ ಹೇಳುವುದನ್ನು ಓದುವಾಗ ಇದು ನೆನಪಿರಲಿ.

ಕಲೆಗಳಲ್ಲಿ ಎರಡು ಬಗೆ

ಹೊರಗಿನ ಕಲೆ: ಕಾಫಿ, ಟೀ, ಬೀಡಿ-ಸಿಗರೇಟು, ಎಲೆಅಡಿಕೆ, ಗುಟ್ಕಾ ಇವುಗಳಿಂದ ಹಲ್ಲಿನ ಮೇಲ್ಮೈಗೆ ಅಂಟುವ ಬಣ್ಣ. ಕೆಲವು ಕಬ್ಬಿಣಾಂಶದ ಟಾನಿಕ್‌ಗಳು, ದೀರ್ಘಕಾಲ ಬಳಸಿದ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೂಡ ಕಲೆ ಮಾಡುತ್ತವೆ. ಇವುಗಳಲ್ಲಿ ಹೆಚ್ಚಿನವು ದಂತವೈದ್ಯರು ಮಾಡುವ ಸ್ವಚ್ಛತೆಯಲ್ಲೇ ಹೋಗುತ್ತವೆ. ಬಿಳುಪು ಚಿಕಿತ್ಸೆಯೇ ಬೇಕಿಲ್ಲ.

ಒಳಗಿನ ಕಲೆ: ಹಲ್ಲಿನ ಒಳಪದರದಲ್ಲೇ ಇರುವ ಬಣ್ಣ. ವಯಸ್ಸು, ನೀರಿನಲ್ಲಿ ಹೆಚ್ಚಾದ ಫ್ಲೋರೈಡ್, ಬಾಲ್ಯದಲ್ಲಿ ತೆಗೆದುಕೊಂಡ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್, ಪೆಟ್ಟು ಬಿದ್ದು ಒಳಗಿನ ನರ ಸತ್ತಿರುವುದು ಇದಕ್ಕೆ ಕಾರಣಗಳು. ಎಷ್ಟೇ ಉಜ್ಜಿದರೂ ಇದು ಹೋಗುವುದಿಲ್ಲ. ಗೋಡೆಯ ಒಳಗಿನ ತೇವವನ್ನು ಹೊರಗಿನಿಂದ ಒರೆಸಿದಂತೆ.

ಫಾರ್ವರ್ಡ್‌ಗಳಲ್ಲಿ ಬರುವ ಮನೆಮದ್ದುಗಳನ್ನು ಈಗ ಒಂದೊಂದಾಗಿ ಪರಿಶೀಲಿಸೋಣ.

ಹೇಳಿಕೆ 1: ನಿಂಬೆರಸ ಮತ್ತು ಅಡುಗೆ ಸೋಡಾ ಹಳದಿ ತೆಗೆಯುತ್ತದೆ

ಆಮ್ಲೀಯತೆಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನ ಖನಿಜ ಕರಗಲು ಶುರುವಾಗುತ್ತದೆ. ನಿಂಬೆರಸದ ಪಿಎಚ್ 2ರಿಂದ 2.5ರ ಆಸುಪಾಸಿನಲ್ಲಿದೆ. ಈ ಅಳತೆಯಲ್ಲಿ ಒಂದೊಂದು ಅಂಕಿ ಇಳಿದಾಗಲೂ ಆಮ್ಲೀಯತೆ ಹತ್ತು ಪಟ್ಟು ಹೆಚ್ಚುತ್ತದೆ. ಅಂದರೆ ಎನಾಮಲ್ ಕರಗಲು ಬೇಕಾದದ್ದಕ್ಕಿಂತ ನಿಂಬೆರಸ ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು ಆಮ್ಲೀಯ.

ಸೋಡಾ ಬೆರೆಸಿದಾಗ ನೊರೆ ಉಕ್ಕುತ್ತದಲ್ಲ, ಅದು ಕೊಳೆ ಕಿತ್ತು ಬರುತ್ತಿರುವ ಗುರುತಲ್ಲ. ಆಮ್ಲ ಮತ್ತು ಕ್ಷಾರ ಸೇರಿ ಹೊರಬರುವ ಇಂಗಾಲದ ಡೈಆಕ್ಸೈಡ್ ಅನಿಲ ಅಷ್ಟೆ. ಸೋಡಾ ಒಂದಷ್ಟು ಹುಳಿಯನ್ನು ತಗ್ಗಿಸುತ್ತದೆ ನಿಜ, ಆದರೆ ಅಳತೆಯಿಲ್ಲದೆ ಬೆರೆಸಿದಾಗ ಎಷ್ಟು ಆಮ್ಲ ಉಳಿಯಿತು ಎಂದು ಯಾರಿಗೂ ಗೊತ್ತಾಗದು. ಆಮ್ಲ ತಾಗಿ ಮೆತ್ತಗಾದ ಎನಾಮಲ್ ಮೇಲೆ ಬ್ರಷ್ ಹಾಕಿ ತಿಕ್ಕಿದರೆ ಹಾನಿ ಇಮ್ಮಡಿ.

ಹಾಗಾದರೆ ವಿಡಿಯೊದಲ್ಲಿ ಹಲ್ಲು ಬೆಳ್ಳಗಾದದ್ದು ಹೇಗೆ? ಮೇಲಿನ ಕಲೆಯ ಜೊತೆ ಎನಾಮಲ್‌ನ ತೆಳು ಪದರವೂ ಹೋದಾಗ ಮೊದಲ ಕೆಲವು ದಿನ ಸ್ವಚ್ಛವಾಗಿ ಕಾಣಬಹುದು. ಹೀಗೇ ಮುಂದುವರಿಸಿದರೆ ಕವಚ ತೆಳುವಾಗಿ ಒಳಗಿನ ಹಳದಿ ಮತ್ತಷ್ಟು ಎದ್ದು ಕಾಣುತ್ತದೆ, ಐಸ್‌ಕ್ರೀಮ್ ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುತ್ತದೆ.

ಅಡುಗೆ ಸೋಡಾ ಮಾತ್ರವೇ ಆದರೆ ಅಷ್ಟು ದೊಡ್ಡ ಖಳನಲ್ಲ. ಅದು ಮೃದುವಾದ ಪುಡಿ, ಕೆಲವು ಟೂತ್‌ಪೇಸ್ಟ್‌ಗಳಲ್ಲೂ ಇದೆ. ಮೇಲ್ಮೈಯ ಕಲೆಯನ್ನು ತುಸು ತೆಗೆಯಬಲ್ಲದು. ಆದರೆ ಹಲ್ಲು ಹುಳುಕಾಗದಂತೆ ಕಾಯುವ ಫ್ಲೋರೈಡ್ ಅದರಲ್ಲಿಲ್ಲ.

ತೀರ್ಪು: ತಪ್ಪು, ಮತ್ತು ಹಾನಿಕರ.

ಹೇಳಿಕೆ 2: ಇದ್ದಿಲು, ಉಪ್ಪು, ಬೂದಿ ನಮ್ಮ ಹಿರಿಯರು ಬಳಸಿದ್ದು, ಅದೇ ಒಳ್ಳೆಯದು

ಹಿಂದೆ ಬ್ರಷ್-ಪೇಸ್ಟ್ ಸಿಗದ ಕಾಲದಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಹಲ್ಲುಜ್ಜಿದರು. ಏನೂ ಉಜ್ಜದೆ ಇರುವುದಕ್ಕಿಂತ ಅದು ವಾಸಿಯೇ. ಆದರೆ ಇವೆಲ್ಲ ಮಾಡುವುದು ಒಂದೇ ಕೆಲಸ, ಕೆರೆಯುವುದು. ಪಾತ್ರೆ ತಿಕ್ಕುವ ಪುಡಿ ಹೊಸ ಪಾತ್ರೆಯ ಹೊಳಪನ್ನೂ ತೆಗೆದುಬಿಡುತ್ತದಲ್ಲ, ಹಾಗೆ.

ಈಗ ಅದೇ ಇದ್ದಿಲು ‘ಆ್ಯಕ್ಟಿವೇಟೆಡ್ ಚಾರ್ಕೋಲ್’ ಎಂಬ ಹೆಸರಿನಲ್ಲಿ ದುಬಾರಿ ಡಬ್ಬಿಯಲ್ಲಿ ಬರುತ್ತಿದೆ. ಅಮೆರಿಕದ ದಂತವೈದ್ಯರ ಸಂಘದ ನಿಯತಕಾಲಿಕದಲ್ಲಿ 2017ರಲ್ಲಿ ಬಂದ ವಿಮರ್ಶೆಯೊಂದು ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ನೋಡಿ, ಇದ್ದಿಲಿನ ಉತ್ಪನ್ನಗಳು ಸುರಕ್ಷಿತ ಅಥವಾ ಪರಿಣಾಮಕಾರಿ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಇದಲ್ಲದೆ ಇದ್ದಿಲಿನ ಕಣಗಳು ಸಿಮೆಂಟ್ ತುಂಬಿಸಿದ ಹಲ್ಲಿನ ಅಂಚಿನಲ್ಲಿ, ವಸಡಿನ ಸಂದಿಯಲ್ಲಿ ಸೇರಿ ಕಪ್ಪು ಗೆರೆ ಮೂಡಿಸಬಹುದು.

ತಂಬಾಕು ಬೆರೆತ ಹಲ್ಲುಪುಡಿಯನ್ನಂತೂ ಮುಟ್ಟಲೇಬೇಡಿ. ಟೂತ್‌ಪೇಸ್ಟ್ ಮತ್ತು ಹಲ್ಲುಪುಡಿಯಲ್ಲಿ ತಂಬಾಕು ಬಳಸುವುದನ್ನು ಭಾರತ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ತೀರ್ಪು: ದಾರಿತಪ್ಪಿಸುವಂಥದ್ದು.

ಹೇಳಿಕೆ 3: ಬಾಳೆಹಣ್ಣಿನ ಸಿಪ್ಪೆ, ಅರಿಶಿನ, ಸ್ಟ್ರಾಬೆರಿ ತಿಕ್ಕಿದರೆ ಸಾಕು

ಬಾಳೆಸಿಪ್ಪೆ ಅಥವಾ ಅರಿಶಿನ ಹಲ್ಲಿನ ಒಳಬಣ್ಣ ತಿಳಿಯಾಗಿಸುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆ ಇಲ್ಲ. ಸ್ಟ್ರಾಬೆರಿ ಮತ್ತು ಸೋಡಾ ಮಿಶ್ರಣವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಕಿತ್ತ ಹಲ್ಲುಗಳ ಮೇಲೆ ಪರೀಕ್ಷಿಸಿದರು. ಮೇಲ್ಮೈ ಕೊಳೆ ಹೋಗಬಹುದು, ಹಲ್ಲು ನಿಜವಾಗಿ ಬೆಳ್ಳಗಾಗುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು. ಬಾಯಲ್ಲಿ ಎಣ್ಣೆ ಮುಕ್ಕಳಿಸುವುದರಿಂದ ಹಲ್ಲು ಬೆಳ್ಳಗಾಗುತ್ತದೆ ಎಂಬುದಕ್ಕೂ ಗಟ್ಟಿ ಆಧಾರ ಸಿಗುವುದಿಲ್ಲ.

ತೀರ್ಪು: ಆಧಾರವಿಲ್ಲ.

ಹೇಳಿಕೆ 4: ಮೆಡಿಕಲ್ ಶಾಪ್‌ನ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದರೆ ಡಾಕ್ಟರ್ ಮಾಡುವುದೇ ಮನೆಯಲ್ಲಾಗುತ್ತದೆ

ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅಪಾಯ. ದಂತವೈದ್ಯರೂ ಪೆರಾಕ್ಸೈಡ್ ಬಳಸುತ್ತಾರೆ. ಆದರೆ ಅಂಗಡಿಯ ಬಾಟಲಿ ಗಾಯ ತೊಳೆಯಲು ಮಾಡಿದ ನೀರಿನಂಥ ದ್ರಾವಣ. ಅದು ಹಲ್ಲಿನ ಮೇಲೆ ನಿಲ್ಲದೆ ವಸಡು, ನಾಲಿಗೆ, ಗಂಟಲಿಗೆಲ್ಲ ಹರಿಯುತ್ತದೆ. ಎಷ್ಟು ಪ್ರಬಲ, ಎಷ್ಟು ಹೊತ್ತು ಎಂಬ ಲೆಕ್ಕವೇ ಇರುವುದಿಲ್ಲ. ಹುಳುಕು ಅಥವಾ ಬಿರುಕು ಇರುವ ಹಲ್ಲಿಗೆ ಸೇರಿದರೆ ತೀವ್ರ ನೋವಾಗಬಹುದು. ಕೈಗಾರಿಕೆಗೆ ಬಳಸುವ ಪ್ರಬಲ ಪೆರಾಕ್ಸೈಡ್ ತಾಗಿದರಂತೂ ಬಾಯಿ ಸುಡುತ್ತದೆ.

ತೀರ್ಪು: ಅಪಾಯಕಾರಿ.

ಹಾಗಾದರೆ ದಂತವೈದ್ಯರ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ?

ಇದು ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕಾನ್ಸಾದಲ್ಲಿ ಬಿಲ್ ಕ್ಲುಸ್ಮಿಯರ್ ಎಂಬ ದಂತವೈದ್ಯರು ರೋಗಿಗಳ ವಸಡಿನ ಉರಿ ಕಡಿಮೆಯಾಗಲೆಂದು ಕಾರ್ಬಮೈಡ್ ಪೆರಾಕ್ಸೈಡ್ ಇರುವ ಔಷಧವನ್ನು ಹಲ್ಲಿನ ಅಚ್ಚಿನಲ್ಲಿ ಹಾಕಿಕೊಂಡು ಮಲಗಲು ಹೇಳಿದರು. ವಸಡು ವಾಸಿಯಾಯಿತು, ಜೊತೆಗೆ ಹಲ್ಲೂ ಬೆಳ್ಳಗಾಗಿತ್ತು. 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬ ತಜ್ಞರು ಈ ವಿಧಾನವನ್ನು ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಇದು ಜಗತ್ತಿನೆಲ್ಲೆಡೆ ಹಬ್ಬಿತು.

ಪೆರಾಕ್ಸೈಡ್ ಹಲ್ಲನ್ನು ಕೆರೆಯುವುದಿಲ್ಲ. ಅದು ಎನಾಮಲ್ ದಾಟಿ ಒಳಗಿಳಿದು, ಬಣ್ಣ ತರುವ ದೊಡ್ಡ ಅಣುಗಳನ್ನು ಒಡೆದು ಚಿಕ್ಕದಾಗಿಸುತ್ತದೆ. ಚಿಕ್ಕ ಅಣುಗಳು ಬೆಳಕನ್ನು ಕಡಿಮೆ ಹೀರುತ್ತವೆ, ಹಲ್ಲು ತಿಳಿಯಾಗಿ ಕಾಣುತ್ತದೆ. ಮನೆಮದ್ದಿಗೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಇದೇ.

ಇದರಲ್ಲಿ ಎರಡು ದಾರಿಗಳಿವೆ.

ಮನೆಯಲ್ಲಿ ಬಳಸುವುದು: ದಂತವೈದ್ಯರು ನಿಮ್ಮ ಹಲ್ಲಿನ ಅಳತೆಗೆ ಸರಿಯಾದ ತೆಳು ಟ್ರೇ ಮಾಡಿಕೊಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಹೊತ್ತು ಕೆಲವು ವಾರ ಧರಿಸಬೇಕು. ಇದು ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಮ. ಅತಿ ಹೆಚ್ಚು ಅಧ್ಯಯನವಾಗಿರುವ ವಿಧಾನ ಇದು. ನಿಧಾನ, ಆದರೆ ಹಲ್ಲು ಜುಮ್ಮೆನ್ನುವುದು ಕಡಿಮೆ.

ಕ್ಲಿನಿಕ್‌ನಲ್ಲಿ ಮಾಡುವುದು: 25ರಿಂದ 40% ವರೆಗಿನ ಪ್ರಬಲ ಜೆಲ್ ಅನ್ನು, ವಸಡಿಗೆ ರಕ್ಷಣಾ ಪದರ ಹಚ್ಚಿ, ವೈದ್ಯರ ಕಣ್ಣೆದುರೇ ಬಳಸುತ್ತಾರೆ. ಒಂದೆರಡು ಭೇಟಿಯಲ್ಲಿ ಮುಗಿಯುತ್ತದೆ. ಮದುವೆ ಹತ್ತಿರವಿದೆ ಎನ್ನುವವರು ಇದನ್ನು ಆರಿಸಿಕೊಳ್ಳುತ್ತಾರೆ. ಚಿಕಿತ್ಸೆ ಮುಗಿದ ಕೂಡಲೇ ಹಲ್ಲು ಒಣಗಿರುವುದರಿಂದ ನಿಜಕ್ಕಿಂತ ಬೆಳ್ಳಗೆ ಕಾಣುತ್ತದೆ, ಒಂದೆರಡು ದಿನದಲ್ಲಿ ಸ್ವಲ್ಪ ಇಳಿಯುತ್ತದೆ. ಜೆಲ್ ಜೊತೆ ಹಾಯಿಸುವ ಬೆಳಕು ಅಥವಾ ಲೇಸರ್‌ನಿಂದ ದೀರ್ಘಕಾಲದ ಹೆಚ್ಚುವರಿ ಲಾಭ ಅಷ್ಟಾಗಿ ಇಲ್ಲ ಎಂದೇ ಹೆಚ್ಚಿನ ವಿಮರ್ಶೆಗಳು ಹೇಳುತ್ತವೆ. ಕೆಲಸ ಮಾಡುವುದು ಜೆಲ್.

ಅಡ್ಡಪರಿಣಾಮ ಏನು?

ಅತಿ ಸಾಮಾನ್ಯವಾದದ್ದು ಹಲ್ಲು ಜುಮ್ಮೆನ್ನುವುದು. ತಣ್ಣೀರು ಕುಡಿದರೆ, ಗಾಳಿ ತಾಗಿದರೆ ಚುಳುಕ್ ಎನ್ನಬಹುದು. ಜೆಲ್ ನಿಲ್ಲಿಸಿದ ಕೆಲವು ದಿನಗಳಲ್ಲಿ ಇದು ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಜೆಲ್ ವಸಡಿಗೆ ತಾಗಿದರೆ ಅಲ್ಲಿ ಬೆಳ್ಳಗಾಗಿ ಉರಿಯಬಹುದು, ಅದೂ ವಾಸಿಯಾಗುತ್ತದೆ. ಹಲ್ಲು ಅಲುಗಾಡುತ್ತದೆ, ಉದುರುತ್ತದೆ ಎಂಬುದು ಸುಳ್ಳು. ಹಲ್ಲನ್ನು ಹಿಡಿದಿಡುವ ಮೂಳೆ ಮತ್ತು ವಸಡಿನ ಬೇರಿಗೆ ಈ ಜೆಲ್ ಹೋಗುವುದೇ ಇಲ್ಲ.

ಹಾಗೆಂದು ಪದೇಪದೇ ಮಾಡಿಸುವುದು ಸರಿಯಲ್ಲ. ಬಿಳುಪಿನ ಹುಚ್ಚಿಗೆ ಬಿದ್ದು ಅತಿಯಾಗಿ ಬಳಸಿದರೆ ಎನಾಮಲ್ ಮತ್ತು ಹಲ್ಲಿನ ನರ ಎರಡಕ್ಕೂ ತೊಂದರೆಯಾಗಬಹುದು. ಈ ಕಾರಣಕ್ಕೇ ಐರೋಪ್ಯ ಒಕ್ಕೂಟದಲ್ಲಿ ಕಟ್ಟುನಿಟ್ಟಿನ ನಿಯಮವಿದೆ: ಗ್ರಾಹಕರಿಗೆ ನೇರವಾಗಿ ಮಾರುವ ಉತ್ಪನ್ನದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ 0.1% ಮೀರುವಂತಿಲ್ಲ. ಅದಕ್ಕಿಂತ ಹೆಚ್ಚು, 6% ವರೆಗಿನದನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು, ಮೊದಲ ಬಳಕೆ ಅವರ ಉಸ್ತುವಾರಿಯಲ್ಲೇ ಆಗಬೇಕು, 18 ವರ್ಷದೊಳಗಿನವರಿಗೆ ಬಳಸುವಂತಿಲ್ಲ.

ಎಷ್ಟು ದಿನ ಉಳಿಯುತ್ತದೆ?

ಕೆಲವು ತಿಂಗಳಿಂದ ಒಂದೆರಡು ವರ್ಷ. ದಿನಕ್ಕೆ ಐದು ಲೋಟ ಕಾಫಿ, ಎಲೆಅಡಿಕೆ, ಸಿಗರೇಟು ಇದ್ದರೆ ಬೇಗ ಮಂಕಾಗುತ್ತದೆ. ಒಮ್ಮೆ ಮಾಡಿಸಿದರೆ ಜೀವನಪರ್ಯಂತ ಬೆಳ್ಳಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಯಾರಿಗೆ ಇದು ಬೇಡ, ಎಲ್ಲಿ ಕೆಲಸ ಮಾಡುವುದಿಲ್ಲ?

- ಕ್ಯಾಪ್, ವಿನೀರ್, ಸಿಮೆಂಟ್ ತುಂಬಿಸಿದ ಭಾಗದ ಬಣ್ಣ ಬದಲಾಗುವುದಿಲ್ಲ. ಮುಂದಿನ ಹಲ್ಲಿಗೆ ಕ್ಯಾಪ್ ಇದ್ದರೆ, ಪಕ್ಕದ ಹಲ್ಲು ಬೆಳ್ಳಗಾಗಿ ಕ್ಯಾಪ್ ಎದ್ದು ಕಾಣುತ್ತದೆ.
- ಹುಳುಕು, ಬಿರುಕು, ವಸಡಿನ ರೋಗ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು.
- ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮುಂದೂಡುವುದು ಒಳ್ಳೆಯದು. ಇದು ತುರ್ತು ಚಿಕಿತ್ಸೆಯೇನಲ್ಲ.
- ಮಕ್ಕಳಿಗೆ ಚಂದಕ್ಕಾಗಿ ಮಾಡಿಸಬೇಡಿ. ಎಳೆಯ ಹಲ್ಲಿನಲ್ಲಿ ನರದ ಭಾಗ ದೊಡ್ಡದಿರುತ್ತದೆ.
- ಒಂದೇ ಒಂದು ಹಲ್ಲು ಕಪ್ಪಾಗಿದ್ದರೆ ಹಿಂದೆಂದೋ ಬಿದ್ದ ಪೆಟ್ಟಿನಿಂದ ಅದರ ನರ ಸತ್ತಿರಬಹುದು. ಎಕ್ಸ್‌ರೇ ತೆಗೆಸಿ. ರೂಟ್ ಕೆನಾಲ್ ಮಾಡಿದ ನಂತರ ಒಳಗಿನಿಂದಲೇ ಬಿಳುಪು ಮಾಡುವ ವಿಧಾನವಿದೆ.
- ಟೆಟ್ರಾಸೈಕ್ಲಿನ್‌ನಿಂದ ಬಂದ ಬೂದು ಬಣ್ಣ ತಿಳಿಯಾಗಲು ತಿಂಗಳುಗಟ್ಟಲೆ ಬೇಕು. ಪೂರ್ತಿ ಹೋಗುತ್ತದೆ ಎಂಬ ಭರವಸೆಯೂ ಇಲ್ಲ.

ಬೋರ್‌ವೆಲ್ ನೀರಿನಿಂದ ಬಂದ ಕಲೆ

ನಮ್ಮ ರಾಜ್ಯದ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳ ಭಾಗದ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ವರೆಗೆ ಮಾತ್ರ ಸಹಿಸಬಹುದು. ಸುಮಾರು 8 ವರ್ಷದೊಳಗೆ, ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಸೇರಿದರೆ ಎನಾಮಲ್ ಮೇಲೆ ಬಿಳಿ ಮಚ್ಚೆ, ಹಳದಿ ಅಥವಾ ಕಂದು ಪಟ್ಟಿ ಬರುತ್ತದೆ. ಇದಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ.

ಈ ಊರುಗಳ ಹುಡುಗ-ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹಲ್ಲುಜ್ಜುವುದಿಲ್ಲ ಎಂಬ ಮಾತು ಕೇಳಿಸಿಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ, ನೀರಿನ ದೋಷ. ನಿಂಬೆ, ಇದ್ದಿಲಿನ ಫಾರ್ವರ್ಡ್‌ಗಳಿಗೆ ಮೋಸ ಹೋಗುವ ಸಂಭವವೂ ಇವರಿಗೇ ಹೆಚ್ಚು. ಉಜ್ಜಿ ತೆಗೆಯಲು ಇದು ಮೇಲೆ ಅಂಟಿದ ಕಲೆಯಲ್ಲ. ಬರೀ ಬಿಳುಪು ಜೆಲ್ ಹಾಕಿದರೆ ಬಿಳಿ ಮಚ್ಚೆಗಳು ಮೊದಮೊದಲು ಇನ್ನಷ್ಟು ಎದ್ದು ಕಾಣಬಹುದು. ಎನಾಮಲ್‌ನ ಅತಿ ತೆಳು ಮೇಲ್ಪದರವನ್ನು ಅಳತೆಯಿಂದ ತೆಗೆಯುವ ಮೈಕ್ರೋಅಬ್ರೇಶನ್, ಮಚ್ಚೆಯೊಳಗೆ ರಾಳ ಇಳಿಸುವುದು, ಮೇಲೆ ಹಲ್ಲಿನ ಬಣ್ಣದ ಕಾಂಪೊಸಿಟ್ ಲೇಪಿಸುವುದು ಹೀಗೆ ಕಲೆಯ ತೀವ್ರತೆ ನೋಡಿ ದಂತವೈದ್ಯರು ತೀರ್ಮಾನಿಸುತ್ತಾರೆ.

ಇನ್ನೊಂದು ತಪ್ಪು ನಂಬಿಕೆ: ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬುದು. ಹೋಗುವುದಿಲ್ಲ. ನೀರು ಆವಿಯಾಗಿ ಉಳಿದ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಹೆಚ್ಚುತ್ತದೆ. ಆರ್‌ಒ ಘಟಕದ ನೀರು ಅಥವಾ ಪರೀಕ್ಷಿಸಿದ ಬೇರೆ ಮೂಲದ ನೀರನ್ನು ಪುಟ್ಟ ಮಕ್ಕಳಿಗೆ ಕೊಡುವುದು ಮುಖ್ಯ.

ಬಿಳುಪಿನ ಪೇಸ್ಟ್, ಪಾರ್ಲರ್, ಆನ್‌ಲೈನ್ ಕಿಟ್

ಬಿಳುಪಿನ ಟೂತ್‌ಪೇಸ್ಟ್‌ಗಳು ಹೆಚ್ಚಾಗಿ ಮೇಲ್ಮೈ ಕಲೆಯನ್ನಷ್ಟೇ ತೆಗೆಯುತ್ತವೆ. ನೀಲಿ ಅಥವಾ ನೇರಳೆ ಬಣ್ಣದ ಪೇಸ್ಟ್, ಸೀರಮ್‌ಗಳು ಬಟ್ಟೆಗೆ ನೀಲಿ ಹಾಕಿದಂತೆ: ಹಳದಿಯನ್ನು ಕಣ್ಣಿಗೆ ಮರೆಮಾಚುತ್ತವೆ, ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಹಾನಿ ಇಲ್ಲ, ಚಿಕಿತ್ಸೆಯೂ ಅಲ್ಲ. ಆನ್‌ಲೈನ್ ಕಿಟ್ ಜೊತೆ ಬರುವ ಪುಟ್ಟ ನೀಲಿ ದೀಪ ಲೇಸರ್ ಅಲ್ಲ, ಎಲ್‌ಇಡಿ. ಜೆಲ್‌ನಲ್ಲಿ ಏನಿದೆ, ಎಷ್ಟು ಪ್ರಮಾಣ ಎಂದು ಬರೆದಿಲ್ಲದ ಕಿಟ್ ಕೊಳ್ಳಲೇಬೇಡಿ.

ಪಾರ್ಲರ್, ಮಾಲ್‌ಗಳಲ್ಲಿ ಬಿಳುಪು ಮಾಡಿಸುವ ಮೊದಲು ಯೋಚಿಸಿ. ಬ್ರಿಟನ್‌ನಲ್ಲಿ ಇದನ್ನು ದಂತವೈದ್ಯಕೀಯ ಚಿಕಿತ್ಸೆ ಎಂದೇ ಪರಿಗಣಿಸಲಾಗಿದ್ದು, ನೋಂದಣಿ ಇಲ್ಲದವರು ಮಾಡುವುದು ಕಾನೂನುಬಾಹಿರ. ಹುಳುಕಿದೆಯೇ, ನರ ಸತ್ತಿದೆಯೇ ಎಂದು ನೋಡಲು ಬರದವರು ಪ್ರಬಲ ಜೆಲ್ ಹಚ್ಚುವುದು ಸರಿಯಲ್ಲ.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ?

ಇಲ್ಲ. ಹಲ್ಲಿಗೆ ಕಟ್ಟಿದ ಗಟ್ಟಿ ಪಾಚಿಯನ್ನು ತೆಗೆಯುವುದೇ ಸ್ಕೇಲಿಂಗ್. ವರ್ಷಗಟ್ಟಲೆ ಕಟ್ಟಿದ ಪಾಚಿ ವಸಡು ಮತ್ತು ಮೂಳೆಯನ್ನು ತಿಂದು ಹಲ್ಲನ್ನು ಮೊದಲೇ ಸಡಿಲ ಮಾಡಿರುತ್ತದೆ. ಪಾಚಿ ತೆಗೆದಾಗ ಸಂದಿ ಕಾಣುತ್ತದೆ, ಅಲುಗಾಟ ಗೊತ್ತಾಗುತ್ತದೆ. ತಪ್ಪು ಸ್ಕೇಲಿಂಗ್ ಮೇಲೆ ಬರುತ್ತದೆ. ಬಹಳಷ್ಟು ಜನರ ಹಳದಿ ಹಲ್ಲಿಗೆ ಸ್ಕೇಲಿಂಗ್ ಮತ್ತು ಪಾಲಿಶಿಂಗ್ ಎರಡೇ ಸಾಕು.

ನೀವೇನು ಮಾಡಬಹುದು?

1. ಬಿಳುಪು ಬೇಕೆನಿಸಿದರೆ ಮೊದಲು ಬಾಯಿ ತಪಾಸಣೆ ಮಾಡಿಸಿ, ಹಲ್ಲು ಶುಚಿ ಮಾಡಿಸಿ. ಆಮೇಲೂ ಬೇಕೆನಿಸಿದರೆ ಬಿಳುಪಿನ ಮಾತು.
2. ಯಾವ ಜೆಲ್, ಎಷ್ಟು ಶೇಕಡಾ, ಎಷ್ಟು ಸಲ, ನನ್ನ ಕಲೆಗೆ ಇದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.
3. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟ್‌ನಿಂದ, ಮೃದು ಬ್ರಷ್‌ನಿಂದ ಉಜ್ಜಿ. ಕಾಫಿ-ಟೀ ಕುಡಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ.
4. ನಿಂಬೆ ಪಾನಕ, ಸೋಡಾದಂಥ ಹುಳಿ ಪಾನೀಯ ಕುಡಿದ ಕೂಡಲೇ ಹಲ್ಲುಜ್ಜಬೇಡಿ. ಅರ್ಧ ಗಂಟೆ ಬಿಡಿ.
5. ಎಲೆಅಡಿಕೆ, ಗುಟ್ಕಾ ಅಭ್ಯಾಸವಿದ್ದರೆ ಹಲ್ಲಿನ ಬಣ್ಣಕ್ಕಿಂತ ಬಾಯಿಯ ಒಳಗನ್ನು ನೋಡಿಕೊಳ್ಳಿ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟವಾದರೆ ತಡಮಾಡದೆ ತೋರಿಸಿ.

ಕೊನೆಯದಾಗಿ

ಹಲ್ಲು ಬಿಳುಪು ಮಾಡಿಸಿಕೊಳ್ಳುವುದು ತಪ್ಪಲ್ಲ, ಮಾಡಿಸಿಕೊಳ್ಳದೆ ಇರುವುದರಿಂದ ನಷ್ಟವೂ ಇಲ್ಲ. ಸರಿಯಾದ ಕೈಯಲ್ಲಿ ಅದು ಸಾಕಷ್ಟು ಸುರಕ್ಷಿತ, ಸರಿಯಾದ ಕಲೆಗೆ ಪರಿಣಾಮಕಾರಿ. ಆದರೆ ಎರಡು ನಿಮಿಷದ ವಿಡಿಯೊ ನೋಡಿ ಕರಗಿಸಿಕೊಂಡ ಎನಾಮಲ್ ಅನ್ನು ಯಾವ ವೈದ್ಯರೂ ಮತ್ತೆ ಬೆಳೆಸಿಕೊಡಲಾರರು. ಮುಂದಿನ ಸಲ ನಿಂಬೆ-ಸೋಡಾ ವಿಡಿಯೊ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರಿಗೆ ಈ ಲೇಖನ ಕಳುಹಿಸಿ.